ಸೌಜನ್ಯಳ ಬೆನ್ನಿನ ಸರಳುಗಳು

ನಾವುಂದದ ಜಲಜ ಮೀನು ಮಾರುವವಳು. ಮಗಳ ಶಾಲೆಯ ಲಂಗವನ್ನು ಅವಳು ಟೈಲರ್ ನಾಗುವಿನ ಬಳಿಗೆ ಒಯ್ದದ್ದು ಅದು ಮೂರನೆಯ ಸಲ. ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡ. ನಾಗು ಲಂಗವನ್ನು ಮೇಜಿನ ಮೇಲೆ ಹರಡಿ ಟೇಪು ಹಿಡಿದ.

"ಲಂಗ ಸಮ ಇತ್ತ್ ಮಾರಾಯ್ತಿ. ಹೆಣ್ಣಿನ ಬೆನ್ನ್ ಒಂದ್ ಸಲ ಕಾಣ್."

ಜಲಜ ಅವನಿಗೆ ಸರಿಯಾಗಿ ಬೈದು ಮನೆಗೆ ಬಂದಳು. ಬಂದು, ಮಗಳನ್ನು ಬಗ್ಗಿಸಿ ನೋಡಿದಳು. ಬಲಗಡೆ ಬೆನ್ನು ಕವುಚಿ ಹಾಕಿದ ದೋಣಿಯಂತೆ ಎದ್ದಿತ್ತು. ಅದು 2006. ಸೌಜನ್ಯಳಿಗೆ ಆರು ವರ್ಷ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬೆನ್ನುಮೂಳೆ ಎಪ್ಪತ್ತು ಡಿಗ್ರಿ ಬಾಗಿತ್ತು. ಪ್ಲಾಸ್ಟರ್ ಕಟ್ಟಿ ಸರಿಮಾಡುವ ಹಂತ ದಾಟಿದೆ, ಆಪರೇಷನ್ನೇ ಆಗಬೇಕು ಎಂದರು. ಬಾಗಿದ ಮೂಳೆಗಳನ್ನು ಈಗಲೇ ಬೆಸೆದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ಬೆನ್ನಿನ ಬೆಳವಣಿಗೆ ಅಲ್ಲಿಗೇ ನಿಂತು, ಶ್ವಾಸಕೋಶಕ್ಕೆ ಜಾಗ ಸಾಲದೆ ಹೋಗಬಹುದು. ಇಲ್ಲವಾದರೆ ಬೆನ್ನೊಳಗೆ ಎರಡು ಲೋಹದ ಸರಳು ಇಟ್ಟು, ಆರು ತಿಂಗಳಿಗೊಮ್ಮೆ ಸ್ವಲ್ಪ ಕುಯ್ದು ಅವನ್ನು ಉದ್ದ ಮಾಡುತ್ತ ಹೋಗಬೇಕು. ಬೆಸೆಯುವುದು ಬೆಳೆದ ಮೇಲೆ.

"ಒಟ್ಟ್ ಎಷ್ಟ್ ಸಲ ಕುಯ್ಯುದ್?" ಜಲಜ ಕೇಳಿದಳು.

"ಹತ್ತು, ಹನ್ನೆರಡು. ನಡುವೆ ಸರಳು ಮುರಿಯಲೂಬಹುದು."

ಗಂಡ ತಿಮ್ಮ ಇಪ್ಪತ್ತು ವರ್ಷ ಕಡಲಿಗೆ ಹೋದವನು. ಹತ್ತಿರವಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟ. "ಒಂದೇ ಸಲಕ್ಕ್ ಮುಗ್ಸುವ. ಹೆಣ್ಣ್ ಗಿಡ್ಡ ಆರೆ ಎಂತ ಆತ್ತ್? ನಾನೂ ಗಿಡ್ಡವೇ."

"ನೀವ್ ಗಿಡ್ಡ ಇದ್ರೂ ಸಮಾ ಉಸ್ರ್ ಎಳೀತ್ರಿ" ಎಂದಳು ಜಲಜ.

ಸರಳು ಹಾಕಿಸಿದರು. ಆಮೇಲೆ ಆರು ತಿಂಗಳಿಗೊಮ್ಮೆ ಜಲಜ ಗಿರಾಕಿಗಳಿಗೆ ಮೊದಲೇ ತಿಳಿಸುತ್ತಿದ್ದಳು: "ನಾಳೆ ಮೀನ್ ಇಲ್ಲೆ. ಹೆಣ್ಣನ್ನ ಉದ್ದ ಮಾಡ್ಸುಕ್ ಹೋಪುದ್."

ಎರಡನೆಯ ವರ್ಷ ಒಂದು ಸರಳು ಮುರಿಯಿತು. ಕ್ಲಾಸಿನಲ್ಲಿ ಬೆನ್ನೊಳಗೆ ಟಕ್ ಎಂದದ್ದನ್ನು ಸೌಜನ್ಯ ಮನೆಗೆ ಬಂದು, ಊಟ ಮುಗಿಸಿ ಹೇಳಿದಳು. ಸರಳು ಬದಲಿಸಿದ ದಿನ ಜಲಜ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೈತೊಳೆಯುವಲ್ಲಿ ನಿಂತು ಅತ್ತಳು. ಗಂಡ ಹೇಳಿದ್ದೇ ಸರಿಯಿತ್ತೇನೋ. ಅತ್ತು ಮುಗಿಸಿ ಇಡ್ಲಿ ತಿಂದು ವಾರ್ಡಿಗೆ ಹೋದಳು.

"ಸಾಕಾಯ್ತಾ ಮಗಾ? ನಿಲ್ಸುವನಾ?"

"ಅರ್ಧಕ್ಕ್ ನಿಲ್ಸುದ್ ಎಂತಕೆ?" ಎಂದಳು ಎಂಟು ವರ್ಷದ ಸೌಜನ್ಯ. "ನಮ್ಮ ಕ್ಲಾಸಿನ ಶ್ರೀಲತಾ ಇನ್ನೂ ನನ್ನಿಂದ ನಾಕ್ ಬೆರಳ್ ಎತ್ರ ಇತ್ತ್."

2012ರಲ್ಲಿ ಕೊನೆಯ ಆಪರೇಷನ್ ಆಯಿತು. ಮೂಳೆಗಳನ್ನು ಬೆಸೆದರು. ಬಾಗು ಮೂವತ್ತು ಡಿಗ್ರಿಗೆ ಇಳಿದಿತ್ತು, ಉಸಿರಾಟ ಚೆನ್ನಾಗಿತ್ತು. ಇನ್ನು ಕುಯ್ಯುವುದಿಲ್ಲ ಎಂದರು ಡಾಕ್ಟರು. ತಿಮ್ಮ ಅದನ್ನು ಅವರಿಂದ ಎರಡು ಸಲ ಹೇಳಿಸಿಕೊಂಡ.

ಬಸ್ಸಿಳಿದು ಮನೆಗೆ ನಡೆಯುವಾಗ ಸೌಜನ್ಯ ಮುಂದೆ ಹೋಗುತ್ತಿದ್ದಳು. ಜಲಜ ಹಿಂದಿನಿಂದ ಕರೆದಳು: "ಏ ಹೆಣ್ಣೆ, ಸ್ವಲ್ಪ ನಿಲ್ಲ್."

ಬೆನ್ನು ಮೊದಲಿನಂತೆ ಹೊರಳುತ್ತಿರಲಿಲ್ಲ. ಸೌಜನ್ಯ ಕಾಲು ಸರಿಸಿ ಇಡೀ ಮೈಯನ್ನೇ ತಿರುಗಿಸಿ, ನೆಟ್ಟಗೆ ನಿಂತು ಅಮ್ಮನಿಗಾಗಿ ಕಾದಳು. ಜಲಜ ಚೀಲಗಳನ್ನು ಕೆಳಗಿಟ್ಟು ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಂತ ಅಮ್ಮ?"

"ಎಂತ ಇಲ್ಲೆ. ಹೋಪ."