ನೂರು ಎಳೆಯ ಲೆಕ್ಕ

ಮುದುಕಿಯೊಬ್ಬಳ ಬುದ್ಧಿ ನೆಟ್ಟಗಿಲ್ಲವೆಂದು ಯಾರೋ ಬರೆದುಕೊಟ್ಟ ಚೀಟಿಯನ್ನು ನೀವು ಎಷ್ಟು ಸಲ ಮರುಮಾತಿಲ್ಲದೆ ನಂಬಿದ್ದೀರಿ?

"ಹಗ್ಗ ಭಾಳ ಬಿಗಿಬ್ಯಾಡ್ರಿ, ಬೆನ್ನ ಬಾಗೇತಿ ಆಕಿದು," ಎಂದಳು ಬೋರವ್ವ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಮುದುಕಿ ಸಕ್ರವ್ವನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸುತ್ತಿದ್ದರು. ಅದೇ ಹೊತ್ತಿಗೆ ಒಳಗೆ, ಸತ್ತವಳ ಅಣ್ಣನ ಮಗ ಪ್ರಭು ನೆಲದ ಕುಣಿಯಲ್ಲಿ ಹೂಡಿದ ಅವಳ ಮಗ್ಗದ ಅಗಲವನ್ನು ಗೇಣು ಹಾಕಿ ಅಳೆಯುತ್ತಿದ್ದ.

"ಮಣ್ಣ ಆಗೂತನಾರ ತಡಿಯೋ," ಎಂದ ನೂಲಿಗೆ ಬಣ್ಣ ಹಾಕುವ ನೆರೆಮನೆಯ ಇಬ್ರಾಹಿಂಸಾಬ.

"ಸೋದರತ್ತಿ ತವರ ಮನಿ ಕಾಕಾ. ನನಗಲ್ದ ಮತ್ಯಾರಿಗೆ?"

"ಬೋರವ್ವ ಇಪ್ಪತ್ತಾರ ವರ್ಷ ಇಲ್ಲೇ ನೂಲಿನ ಕಂಡಿಕಿ ಸುತ್ತ್ಯಾಳ, ಮುದುಕಿ ಮೈ ತೊಳದಾಳ. ಆಕಿ ಏನ ಗ್ವಾಡಿ ಮ್ಯಾಲಿನ ಹಲ್ಲಿ ಏನು?"

"ಆಕಿಗೆ ಬರದ ಕೊಡಾಕ ಮುದುಕಿಗೆ ತಲಿ ಸರಿ ಇರಲಿಲ್ಲ. ಹೋದ ಬ್ಯಾಸಿಗ್ಯಾಗ ಡಾಕ್ಟರ್ರ ಬರದಾರ."

"ಅದಽ ಬ್ಯಾಸಿಗ್ಯಾಗ ಓಟ ಹಾಕಸಾಕ ಆಟೋದಾಗ ಕುಂಡರಿಸ್ಕೊಂಡ ಹೋದಿ. ಅವತ್ತ ತಲಿ ಎಲ್ಲಿಂದ ಬಂತಲೇ?"

ಅಳುತ್ತಿದ್ದವರಲ್ಲಿ ಒಬ್ಬಳು ಸೆರಗು ಬಾಯಿಗಿಟ್ಟು ನಕ್ಕಳು.

* * *

ಹತ್ತು ತಿಂಗಳ ಹಿಂದೆ, 2004ರ ಬೇಸಿಗೆಯಲ್ಲಿ, ಮನೆಯನ್ನು ಬೋರವ್ವನಿಗೆ ಕೊಡಲು ಸಕ್ರವ್ವ ತಾನೇ ಕಾಗದ ಬರೆಸಿ ಹೆಬ್ಬೆಟ್ಟು ಒತ್ತಿದ್ದಳು. ವಯಸ್ಸು ನೋಡಿ ನೋಂದಣಿ ಕಚೇರಿಯವರು ವೈದ್ಯರ ಪ್ರಮಾಣಪತ್ರ ಕೇಳಿದರು. ಪ್ರಭುವೇ ಮುಂದಾಗಿ ದವಾಖಾನೆಗೆ ಕರೆದೊಯ್ದ. ಬೋರವ್ವ ಬಾಗಿಲಲ್ಲಿ ನಿಂತಳು. ವೈದ್ಯ ಪರ ಊರಿನವನು.

"ಅಜ್ಜಿ, ಇವತ್ತು ತಾರೀಖು ಎಷ್ಟು?"

"ತಾರೀಖ ತಿಳಿಯಂಗಿಲ್ರಿ. ಅಮಾಸಿ ಇನ್ನ ನಾಕ ದಿನ ಐತಿ. ಅವತ್ತ ಮಗ್ಗ ನಿಲ್ಲಸ್ತೇವಿ."

"ನೂರರಲ್ಲಿ ಏಳು ಹೋದರೆ ಎಷ್ಟು ಉಳಿಯುತ್ತೆ?"

"ಹೋಗಾಕ ಬಿಡಂಗಿಲ್ರಿ. ಹರದ ಎಳಿ ಹುಡಿಕಿ ಗಂಟ ಹಾಕತೇನಿ. ನೂರಽ ಇರ್ತಾವ."

ವೈದ್ಯ ನಕ್ಕ. ಸೀರೆಯ ಮೈಯ ಸಾವಿರಾರು ಎಳೆಗಳನ್ನು ಸೆರಗಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದ ಸಕ್ರವ್ವನ ಕೈಗಳು ಅವನ ಮೇಜಿನ ಮೇಲೆಯೇ ಇದ್ದವು. ಏನನ್ನು ಕೊಡುತ್ತಿದ್ದೀ, ಯಾರಿಗೆ, ಯಾಕೆ ಎಂದು ಅವನು ಕೇಳಲಿಲ್ಲ. "ನಿರ್ಧರಿಸುವ ಸಾಮರ್ಥ್ಯವಿಲ್ಲ" ಎಂದು ಬರೆದು ಮುದ್ರೆ ಒತ್ತಿ, ಕಾಗದವನ್ನು ಪ್ರಭುವಿನ ಕೈಗಿತ್ತ. ಪ್ರಭು ಹೊರಗೆ ಬಂದು ಅದನ್ನು ಬೋರವ್ವನಿಗೆ ಮೆಲ್ಲಗೆ ಓದಿ ಹೇಳಿದ.

ಮನೆಗೆ ನಡೆಯುತ್ತ ಸಕ್ರವ್ವ ಶಾಲೆಯ ಹುಡುಗಿಯಂತೆ ಕೇಳಿದಳು: "ಪಾಸ ಆದ್ನೇನ ಬೋರಿ?"

ಆ ಮುಖ ನೋಡಿ ಬೋರವ್ವನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

"ಆದಿ, ನಡಿ."

ಚೀಟಿ ಕಚೇರಿಗೆ ಮುಟ್ಟಿತು, ಮನೆ ಬೋರವ್ವನದಾಯಿತು ಎಂದೇ ನಂಬಿ ಸಕ್ರವ್ವ ಆಮೇಲಿನ ಹತ್ತು ತಿಂಗಳು ನಿಶ್ಚಿಂತೆಯಿಂದ ನೇಯ್ದಳು.

* * *

ಮಣ್ಣು ಕೊಟ್ಟು ಬಂದವರು ಕಾಲು ತೊಳೆಯುತ್ತಿದ್ದರು. ಪ್ರಭು ಕೈ ಚಾಚಿದ. "ಕೀಲಿ ಕೊಡು ಬೋರವ್ವಾ."

"ಸಾಬ," ಎಂದಳು ಬೋರವ್ವ ಇಬ್ರಾಹಿಂಸಾಬನತ್ತ ತಿರುಗಿ, "ನಾ ಖರೆ ಹೇಳಿದ್ದರ ಆಕಿ ಬಿಡತಿದ್ದಿಲ್ಲ. ಹುನಗುಂದಕ್ಕ ಹೋಗತಿದ್ಲು, ಬಾಗಲಕೋಟಿಗೆ ಹೋಗತಿದ್ಲು, ಬ್ಯಾರೆ ಡಾಕ್ಟರ್ರ ಮುಂದ ಕುಂಡ್ರತಿದ್ಲು. ಆಕಿ ಗಟ್ಟಿ ಇದ್ಲು. ನಾನಽ ಕೆಡಿಸಿದ್ನಿ."



ಬೋರವ್ವ ಸೊಂಟದ ಕೀಲಿ ಬಿಚ್ಚಿ ಹೊಸ್ತಿಲ ಮೇಲಿಟ್ಟಳು. ಕಂಡಿಕಿ ಸುತ್ತುವ ರಾಟಿ ಎತ್ತಿಕೊಂಡು ಎದುರುಮನೆಯ ಕಟ್ಟೆಯ ಮೇಲೆ ಕುಳಿತಳು. ಬೀಗ ಬೀಳುವ ಸದ್ದಿಗೆ ಅವಳು ತಲೆ ಎತ್ತಲಿಲ್ಲ.

ನಿಮ್ಮ ಓಣಿಯಲ್ಲಿಯೂ ಇಂಥದೇ ಚೀಟಿ ಹೊತ್ತ ಮುದುಕಿಯೊಬ್ಬಳು ಇನ್ನೂ ಉಸಿರಾಡುತ್ತಿರಬಹುದು. ಇಂದೇ ಹೋಗಿ. ಚೀಟಿಯಲ್ಲಿ ಬರೆದದ್ದನ್ನು ಮುಚ್ಚಿಡದೆ ಅವಳಿಗೆ ಓದಿ ಹೇಳಿ. ಅವಳನ್ನು ಮತ್ತೊಮ್ಮೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಈ ಸಲ ಪಕ್ಕದಲ್ಲಿ ನೀವೇ ಕುಳಿತುಕೊಳ್ಳಿ.