ಗೋಡೆಯ ಮೇಲಿನ ನೀಲಿ ಹೆಂಗಸು

ತರಗತಿಯ ಗೋಡೆಯ ಮೇಲಿನ ಚಿತ್ರದಲ್ಲಿ ಆ ನೀಲಿ ಹೆಂಗಸಿನ ಮೂಗು ಸ್ವಲ್ಪ ಬೇರೆ ಥರ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಟೀಚರಮ್ಮನ ಚಿಂತೆ ಅಷ್ಟೇ, ದೊಡ್ಡದೇನಲ್ಲ. ಮೊಂಡು ಮೂಗು, ತಗ್ಗಿದ ಎಡಭುಜ, ಒಂದು ಕಿವಿ ಹೊರಗೆ ಬಿಟ್ಟು ಕಟ್ಟಿದ ತಲೆಬಟ್ಟೆ, ಎಲ್ಲ ಸೇರಿ ಥೇಟ್ ಅವಳ ಅವ್ವ. ಬೇರೆ ಯಾರಿಗೂ ಗುರುತು ಹತ್ತದಿರಲಿ ಎಂದು ಡೈರಿಯಲ್ಲಿ ಬರೆದಿದ್ದಳು. ಆಮೇಲೆ ಡೈರಿಯನ್ನೇ ಯಾರಾದರೂ ಓದಿಬಿಟ್ಟರೆ ಎಂದು ಹೆದರಿ ಅದನ್ನೂ ಹೊಡೆದುಹಾಕಿದ್ದಳು. ಅವಳ ಧೈರ್ಯದ ಉದ್ದಗಲ ಅಷ್ಟು.

"ಏಯ್ ಕತ್ತೆ ಮುಂಡೇದೇ, ಮನುಷ್ಯರನ್ನ ಕಂಡಿದ್ದೀಯೇನೇ ನೀನು?" ಹೆಡ್ಮಾಸ್ತರು ಗೋಡೆಯ ಮುಂದೆ ನಿಂತು ಕಿರುಚುತ್ತಿದ್ದರು. ಬೈಸಿಕೊಳ್ಳುತ್ತಿದ್ದವಳು ಏಳನೇ ತರಗತಿಯ ಹುಡುಗಿ. ಸಿಕ್ಕಸಿಕ್ಕಲ್ಲಿ ಗೀಚುತ್ತಾಳೆಂದು ಎಲ್ಲರ ಬಾಯಲ್ಲೂ ಅವಳು ಗೀಚಿ.

"ಕಂಡಿದ್ದೀನಿ ಸಾರ್."

"ನೀಲಿ ಮನುಷ್ಯರನ್ನ? ಕೆಂಪು ಮನುಷ್ಯರನ್ನ?"

"ಕೆಂಪಗಿರೋದು ನಮ್ಮಪ್ಪ ಸಾರ್."

ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚು ಮಾತ್ರ ನಗಲಿಲ್ಲ. ಅಲ್ಲಿ ಕೂರುತ್ತಿದ್ದವರು ಬಣ್ಣದ ಕಾರ್ಖಾನೆಯ ಕೂಲಿಗಳ ಮಕ್ಕಳು. ಶಾಲೆಯೂ ಕಾರ್ಖಾನೆಯ ಧಣಿಯದೇ. ಕಾರ್ಖಾನೆಯಲ್ಲಿ ಬಟ್ಟೆ ಅದ್ದುವವರು ಬರಿಗೈಯಲ್ಲಿ ತೊಟ್ಟಿಗಿಳಿಯುತ್ತಾರೆ. ನೀಲಿ ತೊಟ್ಟಿಯವರು ಮೊಣಕೈವರೆಗೆ ನೀಲಿ, ಕೆಂಪು ತೊಟ್ಟಿಯವರು ಕೆಂಪು. ಬೆವರು ಒರೆಸಿಕೊಂಡ ಕಡೆಯೆಲ್ಲ ಬಣ್ಣ ಹತ್ತಿ ಕತ್ತು, ಕೆನ್ನೆ, ಹಣೆಯೂ ಹಾಗೇ ಆಗುತ್ತವೆ. ಎಷ್ಟು ಉಜ್ಜಿದರೂ ಚರ್ಮ ಸುಲಿಯುತ್ತದೆಯೇ ಹೊರತು ಬಣ್ಣ ಬಿಡುವುದಿಲ್ಲ. ಹೆಡ್ಮಾಸ್ತರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ.

ತಪ್ಪೆಲ್ಲ ಟೀಚರಮ್ಮನದೇ. ದುಡಿಮೆಯ ಪಾಠವನ್ನು ಚಿತ್ರದ ಮೂಲಕ ಕಲಿಸುತ್ತೇನೆಂದು ಹೊರಟವಳು ಅವಳು. "ಕಂಡದ್ದನ್ನ ಕಂಡ ಹಾಗೇ ಬರೀರಿ" ಎಂದು ತರಬೇತಿಯಲ್ಲಿ ಕಲಿತ ಮಾತನ್ನು ಗಿಣಿಯಂತೆ ಒಪ್ಪಿಸಿದ್ದಳು. ಯಾರಾದರೂ ನಿಜವಾಗಿ ಹಾಗೇ ಬರೆದಾರೆಂದು ಕನಸಲ್ಲೂ ಎಣಿಸಿರಲಿಲ್ಲ.

ಹೆಡ್ಮಾಸ್ತರು ಅವಳನ್ನು ಪಕ್ಕಕ್ಕೆ ಕರೆದರು. "ನೋಡಮ್ಮಾ, ನಾಳೆ ಧಣಿಗಳ ಜೊತೆ ಇಲಾಖೆ ಸಾಹೇಬ್ರು ಬರ್ತಾರೆ. ನಿನ್ನ ಟೆಂಪರವರಿ ಕೆಲಸ ಪರ್ಮನೆಂಟ್ ಮಾಡಿ ಅಂತ ಧಣಿಗಳ ಕಿವಿಗೆ ಹಾಕಿದ್ದೀನಿ. ಇದರ ಮೇಲೆ 'ಕನಸಿನ ಲೋಕ' ಅಂತ ದಪ್ಪಕ್ಷರದಲ್ಲಿ ಬರೆದ್ಬಿಡು. ಅದರ ಮೇಲೂ ಆ ಹುಡುಗಿ ಅಪ್ಪ ಗಿಪ್ಪ ಅಂತ ಬಾಯಿ ಬಿಟ್ಟರೆ ಟಿ.ಸಿ. ಹರಿದು ಕೈಗೆ ಕೊಡ್ತೀನಿ. ಹೋಗಿ ತೊಟ್ಟೀಲಿ ಮುಳುಗಲಿ."

ಬರೆದಳು. ಮುದ್ದಾಗಿಯೇ ಬರೆದಳು. 'ಕ'ದ ತಲೆಕಟ್ಟಿಗೆ ಒಂದು ಬಳುಕು ಬೇರೆ ಕೊಟ್ಟಳು. ಗೀಚಿ ಕೆಳಗೆ ನಿಂತು ನೋಡುತ್ತಿದ್ದಳು.

"ಕನಸಲ್ಲ ಮಿಸ್."

"ಗೊತ್ತು ಕಣೆ. ಸುಮ್ನಿರು."

ಸಂಜೆ ನಲ್ಲಿಯ ಹತ್ತಿರ ಟೀಚರಮ್ಮನ ಅವ್ವ ಕೈ ಉಜ್ಜುತ್ತಿದ್ದಳು. "ಏನೇ, ಮುಖ ಯಾಕೆ ಹುಳ್ಳಗಿದೆ? ಇವತ್ತೇನು ಪಾಠ ಮಾಡಿದೆ?"

"ಸಮಾನತೆ."

"ಹೌದಾ? ಹಂಗಾದ್ರೆ ಬಾ, ಈ ಬಕೀಟಿನ ಆ ಕಡೆ ಹಿಡ್ಕೋ, ಸಮಾನವಾಗಿ."

ಇಬ್ಬರೂ ನಕ್ಕರು. ಅವ್ವನ ನಗು ಕೆಮ್ಮಾಗಿ ತಿರುಗಿ, ಬಕೀಟು ನೆಲಕ್ಕಿಳಿಯಿತು. ಕೆಮ್ಮು ನಿಂತ ಮೇಲೆ ಅವ್ವ, "ನಾಳೆ ಸ್ಕೂಲಲ್ಲಿ ಚಿತ್ರ ನೋಡೋಕೆ ಎಲ್ಲರನ್ನೂ ಕರೆದಿದ್ದಾರಂತೆ. ನಾನು ಬರಲ್ಲ ಬಿಡು, ನಿನಗ್ಯಾಕೆ ಮುಜುಗರ" ಎಂದಳು. 'ಬಾ' ಎನ್ನಲು ಮಗಳು ಬಾಯಿ ತೆರೆದಳು. ಆಕಳಿಕೆ ಬಂತು. ಸ್ಟಾಫ್ ರೂಮಿನಲ್ಲಿ ಅವ್ವನದು ಬಟ್ಟೆ ವ್ಯವಹಾರ ಎಂದು ಹೇಳಿಟ್ಟವಳು ಅವಳು. ಸುಳ್ಳೇನೂ ಅಲ್ಲವಲ್ಲ ಎಂದು ತನಗೆ ತಾನೇ ಸರ್ಟಿಫಿಕೇಟನ್ನೂ ಕೊಟ್ಟುಕೊಂಡಿದ್ದಳು.

ಮರುದಿನ ಸಾಹೇಬರು ಗೋಡೆಯ ಮುಂದೆ ಕನ್ನಡಕ ಏರಿಸಿ ನಿಂತರು. "ಅಬ್ಬಾ! ನೀಲಿ ಅಂದ್ರೆ ಶ್ರಮಿಕರ ಆಳವಾದ ಮೌನ, ಕೆಂಪು ಅಂದ್ರೆ ಉತ್ಸಾಹ. ಏನು ಕಲ್ಪನೆ!"

ಹೆಡ್ಮಾಸ್ತರು ಚಪ್ಪಾಳೆ ತಟ್ಟಿದರು. ಟೀಚರಮ್ಮನ ಕೈಗಳೂ, ಅವಳನ್ನು ಕೇಳದೆಯೇ, ತಟ್ಟಿದವು.

"ಇದನ್ನ ಬರೆದ ಪುಟ್ಟಿ ಎಲ್ಲಿ? ಯಾರಮ್ಮಾ ಇವರೆಲ್ಲ?"

"ತೊಟ್ಟಿಯವರು ಸಾರ್" ಎಂದಳು ಗೀಚಿ. "ಕೆಂಪಗಿರೋದು ನಮ್ಮಪ್ಪ. ನಿಜವಾಗ್ಲೂ ಹಂಗೇ ಇದ್ದಾನೆ."

ಧಣಿ ನಕ್ಕ. "ಇವರಪ್ಪ ಕುಡಿದು ಕೆಂಪಗಾಗಿದ್ದಾನೆ, ಹಲ್ಕಾ ನನ್ಮಗ. ನಮ್ಮಲ್ಲಿ ಒಬ್ಬೊಬ್ಬರಿಗೂ ಗ್ಲೌಸು, ಗಮ್‌ಬೂಟು ಎಲ್ಲ ಕೊಟ್ಟಿದ್ದೀವಿ ಸಾರ್. ಸುಳ್ಳು ಹೇಳೋದು ಈ ಜನಕ್ಕೆ ರಕ್ತದಲ್ಲೇ ಬಂದಿರುತ್ತೆ."

ಹೆಡ್ಮಾಸ್ತರು ಗೀಚಿಯ ಕಿವಿ ಹಿಡಿದು ತಿರುಚಿದರು. "ಸುಳ್ಳು ಅಂತ ಹೇಳೇ. ಹೇಳಿ ಧಣಿಗಳ ಕಾಲು ಹಿಡ್ಕೋ. ಇಲ್ದಿದ್ರೆ ಇವತ್ತೇ ಕಡೇ ದಿನ ನಿಂಗೆ."

ಗೀಚಿಯ ಕಣ್ಣಿನಿಂದ ನೀರಿಳಿಯಿತು. ಆದರೂ ಕಾಲು ಹಿಡಿಯಲು ಬಗ್ಗಲಿಲ್ಲ. ಹಿಂದಿನ ಬೆಂಚಿನ ಯಾವನೋ ಒಬ್ಬ ಹಲ್ಲು ಕಚ್ಚಿ, "ಬೋಳಿಮಗ" ಎಂದದ್ದು ಟೀಚರಮ್ಮನಿಗೆ ಕೇಳಿಸಿತು. ಬೈದದ್ದು ಹೆಡ್ಮಾಸ್ತರಿಗೆ. ಆದರೂ ತನ್ನ ಪಾಲಿಗೂ ಅದರಲ್ಲಿ ಒಂದಿಷ್ಟು ಇದೆ ಅನ್ನಿಸಿತು.

ಸಾಹೇಬರಿಗೆ ಕಸಿವಿಸಿ. ಮೆಚ್ಚಿದ ಕಲ್ಪನೆ ಕೈಜಾರುವಂತಿತ್ತು. "ಬಿಡಿ ಬಿಡಿ, ಮಗು ಅದು. ಟೀಚರ್, ನೀವೇ ಹೇಳಿ. ಕಲ್ಪನೆ ತಾನೇ ಇದು?"

ಧಣಿಯ ಕಣ್ಣು, ಹೆಡ್ಮಾಸ್ತರ ಕಣ್ಣು, ಎಲ್ಲ ಅವಳ ಮೇಲೆ. ಹೂಂ ಅಂದರೆ ಮುಗಿಯಿತು. ಹೂಂ ಅನ್ನುವುದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ಮೊದಲು ಟೀಚರಮ್ಮನ ಬಾಯಿಂದ ಬಂದದ್ದು ಒಂದು ಕೀರಲು ದನಿ. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಗಂಟಲು ಸರಿಮಾಡಿಕೊಂಡು ಮತ್ತೆ ಶುರು ಮಾಡಿದಳು.

"ಮಗು ಕಿವಿ ಬಿಡಿ ಸಾರ್. ಈ ನೀಲಿ ಹೆಂಗಸು ನಮ್ಮವ್ವ. ಈಗಲೂ ತೊಟ್ಟೀಲಿದ್ದಾಳೆ, ಬರಿಗೈಲಿ."