ಅರಿಶಿನ ಕುಂಕುಮದ ಪಾಲು

ರಾಮನಗರದ ಕೋರ್ಟಿನ ಎದುರು ಬಾಲರಾಜು ವಕೀಲರ ಆಫೀಸಿಗೆ ನಾನು ಜೂನಿಯರ್ ಆಗಿ ಸೇರಿದಾಗ ನಮ್ಮ ಕಡೆ ಹೆಂಗಸರು ಕಪ್ಪು ಕೋಟು ತೊಡುವುದು ಅಪರೂಪವಾಗಿತ್ತು. "ಸರಸಮ್ಮ, ನಿನಗೆ ಕೇಸು ಯಾರೂ ಕೊಡಲ್ಲ. ಕೆಲಸ ಮಾತ್ರ ಕಲಿಸ್ತೀನಿ" ಎಂದಿದ್ದರು. ಹೇಳಿದಂತೆ ಕಲಿಸಿದರು.

ಅವರು ಬೈರಮಂಗಲದ ರೈತ ಬೋರಲಿಂಗಯ್ಯನವರ ಕಿರಿಯ ಮಗ. ಅಣ್ಣ ಕೆಂಚಯ್ಯ ಊರಲ್ಲೇ ಬೇಸಾಯ ಮಾಡಿಕೊಂಡಿದ್ದರು. ಇಬ್ಬರ ನಡುವೆ ಹುಟ್ಟಿದವರು ಅಕ್ಕ ಕಾವೇರಮ್ಮ, ತಿಪ್ಪಸಂದ್ರಕ್ಕೆ ಕೊಟ್ಟಿದ್ದರು. ಆಕೆ ತಿಂಗಳಿಗೊಮ್ಮೆ ಬಸ್ಸಿಳಿದು ಆಫೀಸಿಗೆ ಬರುತ್ತಿದ್ದರು, ಕೈಚೀಲದ ತುಂಬ ಅವರೆಕಾಯಿ. ಕಕ್ಷಿದಾರರು ಕೂತಿದ್ದರೂ ಸರಿ, ನೇರ ಒಳಗೆ ಹೋಗಿ ತಮ್ಮನ ಕಾಲರಿನ ಬಿಳಿ ಪಟ್ಟಿ ಸರಿಮಾಡಿ, "ಏನಪ್ಪಾ ರಾಜು, ಒಸಿ ಉಂಡು ತಿರುಗಬಾರ್ದಾ?" ಎನ್ನುತ್ತಿದ್ದರು. ತಮ್ಮನನ್ನು ಕಂಕುಳಲ್ಲಿ ಹೊತ್ತು ಸಾಕಲೆಂದು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವರು ಆಕೆ. ಸಹಿ ಮಾಡುವುದು ಗೊತ್ತಿತ್ತು. ಕಾನೂನಿನ ಕಾಗದ ಓದಿ ಅರ್ಥಮಾಡಿಕೊಳ್ಳುವುದು ಗೊತ್ತಿರಲಿಲ್ಲ.

ನಮ್ಮ ಆಫೀಸಿಗೆ ಅನ್ನ ಹಾಕುತ್ತಿದ್ದ ಕೆಲಸಗಳಲ್ಲಿ ಒಂದು ಬಿಡುಗಡೆ ಪತ್ರ. ತಂದೆ ತೀರಿಕೊಂಡ ಮೇಲೆ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ, ಊಟ ಹಾಕಿ, ಒಂದು ಸೀರೆ ಕೊಟ್ಟು, "ಅರಿಶಿನ ಕುಂಕುಮ ತಗೊಂಡು ಹಕ್ಕು ಬಿಟ್ಟಿದ್ದೇವೆ" ಎಂದು ಬರೆಸಿಕೊಳ್ಳುವ ಪದ್ಧತಿ. ಯಾರೂ ಅದನ್ನು ಅನ್ಯಾಯ ಎನ್ನುತ್ತಿರಲಿಲ್ಲ. ಸಹಿ ಹಾಕಿದ ಹೆಣ್ಣುಮಕ್ಕಳೇ ಹೊಸ ಸೀರೆ ಉಟ್ಟು ನಗುತ್ತ ಬಸ್ಸು ಹತ್ತುತ್ತಿದ್ದರು. ಅಂಥ ಪತ್ರಗಳನ್ನು ಟೈಪು ಮಾಡಿದವಳು ನಾನು.

ಬಾಲರಾಜು ಅವರು ಜನಪ್ರಿಯರಾದರು, ಚುನಾವಣೆಗೆ ನಿಂತರು, ಗೆದ್ದು ಶಾಸಕರಾದರು. ಹೆಣ್ಣುಮಕ್ಕಳ ಸಮಪಾಲಿನ ಮಾತು ವಿಧಾನಸಭೆಯಲ್ಲಿ ಬಂದ ದಿನ ಎದ್ದು ನಿಂತು, "ಮಗಳನ್ನು ಬರಿಗೈಲಿ ಕಳಿಸುವ ಮನೆ ಮನೆಯಲ್ಲ" ಎಂದು ಮಾತಾಡಿದರು. ಮರುದಿನ ಆ ಭಾಷಣ ಪತ್ರಿಕೆಯಲ್ಲಿ ಬಂತು. ನಾನು ಕತ್ತರಿಸಿ ಇಟ್ಟುಕೊಂಡೆ.

ಅದೇ ವರ್ಷ ಬೋರಲಿಂಗಯ್ಯನವರು ತೀರಿಕೊಂಡರು. ಹೊಲವೆಲ್ಲ ಅವರು ಸ್ವಂತ ದುಡಿದು ಕೊಂಡದ್ದು. ಅಂಥ ಆಸ್ತಿಯಲ್ಲಿ ಹೆಂಡತಿಗೂ ಮಗಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂಬುದು ಹೊಸ ಕಾನೂನೇನಲ್ಲ, ಎಷ್ಟೋ ವರ್ಷದ ಹಿಂದಿನದು. ತಿಥಿಯ ಮರುದಿನ ಜಗಲಿಯ ಮೇಲೆ ಕೂತು ಬಾಲರಾಜು ಅವರು ಅಕ್ಕನ ಪಾಲಿನ ಮಟ್ಟಿಗೆ ಅದನ್ನು ಮೆಲ್ಲಗೆ ಹೇಳಿದರು. ನಾನೂ ಅಲ್ಲಿದ್ದೆ.

ಕೆಂಚಯ್ಯ ಕೆರಳಿದರು. "ನಿನ್ನ ಕಾನೂನ ಇದಾನ್ಸೌದದಲ್ಲೇ ಇಟ್ಕೊ ಕಣ್ಲಾ. ಎಣ್ಮಕ್ಳಿಗೆ ಬರ್ಕೊಟ್ರೆ ನಾಳೆ ಬಾವನೋರು ಬಂದು ನಮ್ಮೊಲ ಉಳ್ತಾರೆ. ಕಾವೇರಿಗೆ ಕೊಟ್ಟುದ್ನ ನೋಡಿ ಊರಿನ ಎಣ್ಮಕ್ಳೆಲ್ಲ ಕೇಳಾಕೆ ಸುರು ಮಾಡ್ತಾರೆ. ಆಮೇಲೆ ನಿಂಗೆ ವೋಟಾಕೋರು ಯಾರ್ಲಾ?"

ತಾಯಿ ಮುನಿಯಮ್ಮ ಬಾಗಿಲ ಸಂದಿಯಿಂದಲೇ ದನಿಗೂಡಿಸಿದರು. "ಪಾಲು ಕೇಳ್ದೋಳಿಗೆ ತವರು ಇರಾಕಿಲ್ಲ ಕಣಪ್ಪಾ. ಅವಳು ನಾಳೆ ಕಷ್ಟ ಅಂತ ಬಂದ್ರೆ ಬಾಗ್ಲು ತೆಗೆಯೋರು ಬ್ಯಾಡ್ವಾ?"

ಬಾಲರಾಜು ಅವರು ತಲೆ ತಗ್ಗಿಸಿ ಕೂತರು. ವೋಟಿನ ಮಾತು ನಾಟಿತ್ತು.

ಎರಡು ವಾರದ ಮೇಲೆ ಅಕ್ಕನ, ತಾಯಿಯ ಹೆಸರಿನಲ್ಲಿ ಬಿಡುಗಡೆ ಪತ್ರ ಟೈಪಾಯಿತು. "ಸಾರ್, ಅಕ್ಕನಿಗೆ ಓದಿ ಹೇಳಬೇಕಲ್ವಾ?" ಎಂದೆ. "ನಮ್ಮ ಮನೆ ವಿಷಯ, ನಾನು ಹೇಳ್ತೀನಿ ಬಿಡು" ಎಂದರು. ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಕಾವೇರಮ್ಮ ಸಹಿ ಹಾಕಿದರು, ಮುನಿಯಮ್ಮ ಹೆಬ್ಬೆಟ್ಟು ಒತ್ತಿದರು.

ಮುಂದಿನ ಚುನಾವಣೆಯಲ್ಲಿ ಬಾಲರಾಜು ಅವರು ಸೋತರು. ಛಲದ ಮನುಷ್ಯ, ಪರೀಕ್ಷೆ ಬರೆದು ಜಿಲ್ಲಾ ನ್ಯಾಯಾಧೀಶರಾಗಿ ದೂರದ ಜಿಲ್ಲೆಗೆ ಹೋದರು. ಆಫೀಸು ನನಗೆ ಬಂತು. ಹೆಣ್ಣುಮಕ್ಕಳ ಪಾಲಿನ ದಾವೆಗಳಲ್ಲಿ ಅವರು ಒಳ್ಳೆಯ ತೀರ್ಪು ಕೊಡುತ್ತಾರೆ ಎಂಬ ಸುದ್ದಿ ನಮ್ಮ ಬಾರ್ ರೂಮಿನವರೆಗೂ ಬರುತ್ತಿತ್ತು.

ಆಮೇಲಿನ ವರ್ಷಗಳಲ್ಲಿ ಬಿಡದಿಯ ಸುತ್ತ ಒಂದರ ಹಿಂದೊಂದು ಫ್ಯಾಕ್ಟರಿಗಳು ಎದ್ದವು. ಬೈರಮಂಗಲದ ಕೆರೆಯಲ್ಲಿ ಬೆಂಗಳೂರಿನ ಕೊಳೆ ನೀರು ನೊರೆಗಟ್ಟಿತು. ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಚಿನ್ನದ ಬೆಲೆ ಬಂತು. ಆ ಹೊತ್ತಿಗೆ ಕಾವೇರಮ್ಮನ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮೈದುನಂದಿರು ಮನೆ ಬಿಡಿಸಿದರು. ಆಕೆ ತವರಿಗೆ ಬಂದರು. ಬಾಗಿಲೇನೋ ತೆರೆಯಿತು, ಆದರೆ ಜಾಗ ಸಿಕ್ಕಿದ್ದು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ಹಂಗಿನ ಊಟ ಬೇಡವೆಂದು ರಾಮನಗರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ ಸೇರಿದರು. ಕುದಿಯುವ ನೀರಿನಲ್ಲಿ ಹಾಕಿದ ರೇಷ್ಮೆ ಗೂಡುಗಳ ನಡುವೆ ದಿನವಿಡೀ ಕೈಯಾಡಿಸಿ ಬೆರಳ ಸಂದುಗಳು ಕೊಳೆತವು.

ಎರಡು ಸಾವಿರದ ಆರರಲ್ಲಿ ಕೆಂಚಯ್ಯ ಆ ಕೊಟ್ಟಿಗೆಯನ್ನೂ ಕೆಡವಿ ಕಾರ್ಮಿಕರಿಗೆ ಬಾಡಿಗೆ ಮನೆ ಕಟ್ಟಿಸಲು ಹೊರಟರು. ತಂಗಿ ಕೇಳಿದರು, "ಅಣ್ಣಯ್ಯ, ನಾನೆಲ್ಲಿಗೋಗ್ಲಿ?"

"ಅದ ನಾನೇನು ಏಳ್ಲಿ? ನೀನೇ ಪಾಲು ಬುಟ್ಟು ಸೈನ್ ಆಕಿದ್ದೀಯಲ್ಲ."

ಸಹಿ ಯಾವುದಕ್ಕೆ ಹಾಕಿದ್ದೆನೆಂದು ಆಕೆಗೆ ತಿಳಿದದ್ದು ಆ ಕ್ಷಣದಲ್ಲಿ. ಮರುದಿನ ನನ್ನ ಆಫೀಸಿಗೆ ಬಂದರು. ಈ ಸಲ ಕೈಚೀಲವಿರಲಿಲ್ಲ.

"ಖಾತೆ ಬದಲಾಯ್ಸಾಕೆ ಅಂದಿದ್ದ ರಾಜು. ಅವನೂ ಸುಳ್ಳೇಳಿದ್ನಾ ಸರಸವ್ವ?"

ನಾನು ಸುಳ್ಳು ಹೇಳಲಾರದೆ ಹೇಳಿದೆ: "ಆ ಪತ್ರ ಟೈಪು ಮಾಡಿದ್ದು ನಾನೇ ಅಕ್ಕ. ನೀವು ಬೇರೆ ವಕೀಲರನ್ನ ನೋಡಿಕೊಳ್ಳಿ."

ಆಕೆ ಕುರ್ಚಿ ಎಳೆದು ಕೂತರು. "ಬರೆದೋಳು ನೀನೇ ತಾನೆ? ನೀನೇ ಅಳುಸು" ಎಂದರು.

ದಾವೆ ಹೂಡಿದೆ. ಒಂದನೇ ಪ್ರತಿವಾದಿ ಕೆಂಚಯ್ಯ, ಎರಡನೆಯವರು ಜಿಲ್ಲಾ ನ್ಯಾಯಾಧೀಶ ಬಾಲರಾಜು. ಸಮನ್ಸು ತಲುಪಿದ ವಾರ ಅವರ ಫೋನು ಬಂತು. "ರಾಜಿ ಮಾಡ್ಕೋ ಅಂತ ಎಲ್ಲರೂ ಹೇಳ್ತಾ ಇದ್ದಾರೆ, ಸರಸಮ್ಮ. ನೌಕರಿಗೇ ಕುತ್ತು ಬರುತ್ತಂತೆ."

"ನೀವೇನಂತೀರಿ ಸಾರ್?"

"ಅಕ್ಕನ ಕೈ ಹೇಗಿದೆ ಈಗ?" ಎಂದು ಕೇಳಿದರು. ನಾನು ಇದ್ದದ್ದನ್ನು ಹೇಳಿದೆ. ಫೋನು ಇಟ್ಟುಬಿಟ್ಟರು.

ರಜೆ ಹಾಕಿ ಬಂದು ಸಾಕ್ಷಿ ಕಟ್ಟೆ ಹತ್ತಿದರು. ಅಂದು ಕೋರ್ಟು ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಬೆಂಚುಗಳಲ್ಲಿ ಕಾವೇರಮ್ಮನ ಜೊತೆ ನೂಲು ತೆಗೆಯುವ ಹೆಂಗಸರು, ಹಾಜಿರಾ, ಗುಲ್ಜಾರ್ ಬೀ, ಅರ್ಧ ದಿನದ ಕೂಲಿ ಬಿಟ್ಟು ಕೂತಿದ್ದರು. ಕೆಂಚಯ್ಯನ ಪರ ವಕೀಲರು ಪಾಟೀಸವಾಲಿಗೆ ಎದ್ದರು.

"ಸಬ್ ರಿಜಿಸ್ಟ್ರಾರ್ ಎದುರು ನಿಮ್ಮ ಅಕ್ಕ ಒಪ್ಪಿಯೇ ಸಹಿ ಮಾಡಿದ್ದಾರಲ್ಲವೇ?"

"ಅವರು ಏನು ಕೇಳಿದರೂ ಹೂಂ ಅನ್ನು ಅಂತ ಹೇಳಿಕೊಟ್ಟಿದ್ದೆ. ಖಾತೆ ಕಾಗದ ಅಂತ ನಂಬಿಸಿದವನೂ ನಾನೇ."

"ವಕೀಲರಾಗಿದ್ದಾಗ ಇಂಥ ಪತ್ರ ಎಷ್ಟೋ ಜನಕ್ಕೆ ಮಾಡಿಕೊಟ್ಟಿದ್ದೀರಿ. ಹಾಗಾದರೆ ಅವೂ ಮೋಸವೇ?"

ಅದು ಬಲೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಇಲ್ಲವೆಂದರೆ ಅಕ್ಕನ ಕೇಸು ಸಡಿಲವಾಗುತ್ತದೆ. ಹೌದೆಂದರೆ ಅವರ ಇಡೀ ಜೀವನವೇ ಕಟಕಟೆಯಲ್ಲಿ ನಿಲ್ಲುತ್ತದೆ. ಬಾಲರಾಜು ಅವರು ಕಟ್ಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಒಬ್ಬ ಹೆಣ್ಣುಮಗಳಿಗೂ ನಾನು ಅದನ್ನು ಓದಿ ಹೇಳಿಲ್ಲ. ಪದ್ಧತಿ ಅಂದುಕೊಂಡು ಮಾಡಿದೆ. ಮೋಸವೇ."

ನಾನು ತಲೆ ತಗ್ಗಿಸಿದೆ. ಆ ಉತ್ತರದಲ್ಲಿ ನನ್ನ ಪಾಲೂ ಇತ್ತು.

ಇದರಿಂದ ಅವರಿಗೆ ಆದದ್ದೇನು ಎಂದು ನೀವು ಕೇಳಬಹುದು. ಅಣ್ಣನೇ ಅವರ ಮೇಲೆ ದೂರು ಕೊಟ್ಟರು. ವಿಚಾರಣೆ ಶುರುವಾಯಿತು. ಮುಗಿಯುವ ಮೊದಲೇ ಅವರು ನಿವೃತ್ತಿ ಪಡೆದು ರಾಮನಗರಕ್ಕೆ ವಾಪಸಾದರು. ತೀರ್ಪು ಬಂದದ್ದು ಮರುವರ್ಷ: ಬಿಡುಗಡೆ ಪತ್ರ ರದ್ದು, ತಾಯಿ ಮತ್ತು ಮೂವರು ಮಕ್ಕಳಿಗೆ ಸಮಪಾಲು. ಅದರ ಮರುವಾರದಿಂದ ನನ್ನ ಆಫೀಸಿನ ಮೆಟ್ಟಿಲ ಮೇಲೆ ಹಳೆಯ ಪತ್ರ ಹಿಡಿದ ಹೆಂಗಸರು ಬಂದು ಕೂರತೊಡಗಿದರು, ಮಾಗಡಿಯಿಂದ, ಕನಕಪುರದಿಂದ, ಚನ್ನಪಟ್ಟಣದಿಂದ. ಕೆಲವನ್ನು ನಾವೇ ಬರೆದಿದ್ದೆವು. ಮೋಸ ತಿಳಿದ ಮೂರು ವರ್ಷದೊಳಗೆ ದಾವೆ ಹೂಡಬೇಕು, ಎಷ್ಟೋ ಕೇಸುಗಳಲ್ಲಿ ಆ ಕಾಲ ಮೀರಿಹೋಗಿತ್ತು. ಅದನ್ನು ಅವರಿಗೆ ಹೇಳುವುದೇ ನನಗೂ ಬಾಲರಾಜು ಅವರಿಗೂ ಶಿಕ್ಷೆಯಾಗಿತ್ತು.

ಆ ವರ್ಷ ಗೌರಿ ಹಬ್ಬಕ್ಕೆ ಕೆಂಚಯ್ಯ ತಂಗಿಯನ್ನು ತವರಿಗೆ ಕರೆಯಲಿಲ್ಲ. ಕಾವೇರಮ್ಮ ರಾಮನಗರದಲ್ಲಿ ಹಿಡಿದಿದ್ದ ಪುಟ್ಟ ಮನೆಯಲ್ಲಿ ಬಾಲರಾಜು ಅವರೂ ನಾನೂ ಊಟಕ್ಕೆ ಕೂತಿದ್ದೆವು. ಆಟೋ ನಿಂತ ಸದ್ದಾಯಿತು. ಮುನಿಯಮ್ಮ, ಎಂಬತ್ತು ದಾಟಿದ ಮುದುಕಿ, ಗೋಡೆ ಹಿಡಿದುಕೊಂಡು ಒಳಗೆ ಬಂದರು. ಕಾವೇರಮ್ಮ ಎದ್ದು ಕೈ ಹಿಡಿದು ಕೂರಿಸಿದರು. ಮುದುಕಿ ಮಗಳ ಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತ ಮಗನ ಕಡೆ ತಿರುಗಿದರು.

"ಆ ಕೋರ್ಟ್ ಕಾಗುದ್ದಾಗೆ ನನ್ನೆಸ್ರೂ ಬಂದೈತಂತೆ ಕಣಪ್ಪಾ. ನಂಗೂ ಪಾಲಂತೆ."

"ಹೌದವ್ವ."

ಮುದುಕಿ ಮಗಳ ಕೈ ಬಿಡದೆಯೇ ಮತ್ತೆ ಕೇಳಿದರು.

"ಅಂಗಾರೆ, ನಮ್ಮಪ್ಪನ ಮನೇಲೂ ನಂಗೆ ಇತ್ತೇನ್ಲಾ ರಾಜು?"

ವಕೀಲರಾಗಿ, ಶಾಸಕರಾಗಿ, ನ್ಯಾಯಾಧೀಶರಾಗಿ ಮೂವತ್ತು ವರ್ಷ ಉತ್ತರಗಳನ್ನೇ ಹೇಳಿಕೊಂಡು ಬಂದ ಮನುಷ್ಯ ಎಲೆ ಬಿಟ್ಟು ಎದ್ದು ಬಂದು ತಾಯಿಯ ಕಾಲ ಬಳಿ ಕೂತರು.

"ಇರಬೇಕಾಗಿತ್ತು ಕಣವ್ವ" ಎಂದರು.